ಒಂದೇ ರಿಂಗ್

11 ಆಗಸ್ಟ್ 2025, ಸೋಮವಾರ, ಸೊಲ್ಲಾಪುರ

ಸಂಜೆಯಿಂದ ಒಂದೇ ತಲೆಬಿಸಿ. ನಾಲ್ಕರ ಎಸ್‌ಟಿ ಬಸ್ಸಿಗೆ ಕರಜಗಿಗೆ ಹೊರಟ ದ್ರೌಪದಿ ಅಕ್ಕನ ಸುದ್ದಿಯೇ ಇಲ್ಲ. ನನ್ನ ಮಗಳು ಶೀತಲ ಅಕ್ಕನ ಮೊಬೈಲಿಗೆ ವಿಡಿಯೋ ಕಾಲ್ ಹಾಕಿಕೊಟ್ಟಿದ್ದಾಳೆ. ಇವತ್ತು ಆ ಕಡೆ ಇಂಟರ್ನೆಟ್ಟೇ ಬಂದ್. ಎಷ್ಟು ಸಲ ಮಾಡಿದರೂ ಬರೀ ಚಕ್ರ ತಿರುಗುತ್ತಿತ್ತು.

ಎಂಟಕ್ಕೆ ಸಾದಾ ಫೋನ್ ಬಂತು. ರಿಂಗ್ ಮುಗಿಯುವ ಮೊದಲೇ ಎತ್ತಿ "ಅಕ್ಕಾ!" ಎಂದೆ.

"ಯಾಕ ಎತ್ತಿದ್ಯೋ? ಒಂದ್ ರಿಂಗ್ ಅಂದ್ರ ಮುಟ್ಟೀನಿ ಅಂತ ಅಲ್ಲೇನು? ಮರತಿಯೇನು?" ಎಂದು ಬೈದು ಕಟ್ ಮಾಡಿದಳು.

ಶೀತಲ ನಕ್ಕಳು. "ಪಪ್ಪಾ, ಈಗ ಕಾಲ್ ಫುಕಟ ಅದಾವ್ರಿ."

ಇಪ್ಪತ್ತು ವರ್ಷದ ಹಿಂದೆ ಅದು ನಮ್ಮ ಮನೆಯ ಕಾನೂನು. ಒಂದು ರಿಂಗ್ ಎಂದರೆ ಮುಟ್ಟಿದೆ, ಎರಡು ಎಂದರೆ ಸ್ಟ್ಯಾಂಡಿಗೆ ಬಾ. ಎತ್ತಿ ಬ್ಯಾಲೆನ್ಸ್ ಕಳೆದವರಿಗೆ ಅಪ್ಪನ ಬೈಗುಳ. ಆ ಒಂದು ರಿಂಗಿಗಾಗಿ ಎಲ್ಲರೂ ಟಿವಿ ಸಣ್ಣ ಮಾಡಿ ಕೂರುತ್ತಿದ್ದೆವು. ಈಗ ಗಂಟೆಗಟ್ಟಲೆ ಮಾತಾಡುತ್ತೇವೆ, ಹಾಗೆ ಯಾರಿಗಾಗಿಯೂ ಕಾಯುವುದಿಲ್ಲ.

ಐದು ನಿಮಿಷ ಬಿಟ್ಟು ಮತ್ತೆ ಅವಳದೇ ಫೋನ್. ಶೀತಲ ಕೈ ಚಾಚಿದಳು, ತಡೆದೆ. ಒಂದು ರಿಂಗ್ ಪೂರ್ತಿ ಆಗಿ ನಿಂತಿತು.

ಅಕ್ಕ ಈಗ ಮನೆ ಮುಟ್ಟಿದಳು.