ಮುಚ್ಚಿಸಿದ ಮೆಟ್ಟಿಲು

ಕ್ಯಾಂಪ್ ಜಗಳೂರು, 7 ಮಾರ್ಚ್ 1938
ಇವತ್ತೂ ಮನೆಮನೆಗೆ ಹೋಗಿ ಕಾಲು ನೋಡುವ ಕೆಲಸವೇ. ಹೆಲ್ತ್ ಇನ್ಸ್‌ಪೆಕ್ಟರಿಗೆ ಇನ್ನೇನು, ನಾರುಹುಣ್ಣಿನ ಸರ್ವೆ. ಮೇಲಿನ ಬೀದಿಯಲ್ಲಿ ಒಬ್ಬರಿಗೂ ಇಲ್ಲ — ಅವರದು ಸೇದುವ ಬಾವಿ, ಕೇರಿಯವರು ಮುಟ್ಟುವಂತಿಲ್ಲ. ಕೇರಿಯಲ್ಲಿ ಕುಂಟದವರೇ ಕಡಿಮೆ. ಅಲ್ಲಿ ಮೆಟ್ಟಿಲುಬಾವಿ. ಹುಣ್ಣಿನ ಕಾಲಲ್ಲೇ ನೀರಿಗಿಳಿಯುತ್ತಾರೆ, ಅದನ್ನೇ ಕುಡಿಯುತ್ತಾರೆ; ಹುಳ ಹರಡುವುದೇ ಹೀಗೆ. ದುರುಗಕ್ಕ ಎಂಬಾಕೆಯ ಹಿಮ್ಮಡಿಯಿಂದ ಹುಳ ಬಿಳಿ ದಾರದಂತೆ ಇಣುಕಿದೆ. ದಿನಕ್ಕಿಷ್ಟೇ ಹೊರಗೆಳೆಯಲು ಕಡ್ಡಿಗೆ ಸುತ್ತಿಕೊಂಡಿದ್ದಾಳೆ; ಒಳಗೆ ತುಂಡಾದರೆ ಕಾಲು ಕೀವಾಗುತ್ತದೆ. ಕೂಲಿ ನಿಂತು ಬಹಳ ದಿನವಾಯಿತಂತೆ.

10 ಮಾರ್ಚ್
ಮೆಟ್ಟಿಲು ಮುಚ್ಚಿಸಿ ರಾಟೆ ಹಾಕಿಸಲು ಆರ್ಡರ್ ಬಂತು.
"ರಾಟೆ ಬರಗಂಟ ನೀರಿಗೆ ಏನ್ ಮಾಡಾನ ಸ್ವಾಮಿ?" ದುರುಗಕ್ಕ ಕೇಳಿದಳು.
ನಾನಿರುವುದು ಪಟೇಲ ಮುರುಗೇಶಪ್ಪನವರ ಹೊರಕೋಣೆಯಲ್ಲಿ. ಅವರನ್ನೇ ಕೇಳಿದೆ. "ಮುಚ್ಚಿಸ್ರೀ. ನಮ್ಮ ಬಾವಿಯಿಂದ ಆಳು ಸೇದಿ ಹಾಕ್ತಾನೆ" ಎಂದರು. ಕೇರಿಗೆ ಹೋಗಿ ನಾನೇ ಮಾತು ಕೊಟ್ಟೆ.

14 ಮಾರ್ಚ್
ಮೆಟ್ಟಿಲಿಗೆ ಕಲ್ಲುಮಣ್ಣು ತುಂಬಿಸಿದ್ದಾಯಿತು. ನೀರೆಲ್ಲ ರಾಡಿ. ಕಟ್ಟೆ ಏಳುವವರೆಗೆ ಸುತ್ತ ಮುಳ್ಳುಬೇಲಿ.

22 ಮಾರ್ಚ್
ಆಳು ಸೇದಿ ಹಾಕಿದ್ದು ಮೊದಮೊದಲು ಮಾತ್ರ. ಹೆಂಗಸರು ಕೊಡ ಇಟ್ಟುಕೊಂಡು ಬಿಸಿಲಲ್ಲಿ ಕಾದು, ಕೊನೆಗೆ ದೂರದ ಹಳ್ಳಕ್ಕೆ ಹೋಗುತ್ತಾರೆ. ದುರುಗಕ್ಕನೂ, ಆ ಕಾಲಲ್ಲಿ. ನಾನು ಪಟೇಲರ ಬಾವಿಯ ನೀರಲ್ಲಿ ಸ್ನಾನ ಮಾಡಿ ರಿಪೋರ್ಟ್ ಬರೆದೆ — ಕೆಲಸ ತೃಪ್ತಿಕರ.

23 ಮಾರ್ಚ್, ಮಧ್ಯಾಹ್ನ
ತಡೆಯಲಾಗಲಿಲ್ಲ. ನಾನೇ ಸೇದಿದೆ. ದುರುಗಕ್ಕ ಕೊಡವನ್ನು ನೆಲಕ್ಕಿಟ್ಟು ಹಿಂದೆ ಸರಿದು ನಿಂತಳು. ಇನ್ನೇನು ಸುರಿಯಬೇಕು, ಪಟೇಲರು ಜಗಲಿಗೆ ಬಂದರು.
"ಯಾರಿಗ್ರೀ ನೀರು, ಇನ್ಸ್‌ಪೆಕ್ಟ್ರೇ?"
"ನನಗೇ... ಸ್ನಾನಕ್ಕೆ" ಎಂದೆ.
ಅವಳೆದುರೇ ನನ್ನ ಬಕೆಟ್ಟಿಗೆ ಸುರಿದುಕೊಂಡೆ.
"ಮಾಡ್ರಿ ಸ್ವಾಮಿ, ಬಿಸ್ಲು ಬಾಳ ಐತೆ" ಎಂದಳು. ನನ್ನ ಮಾನ ಉಳಿಸಿದಳು. ಬರಿಗೊಡ ಎತ್ತಿಕೊಂಡು ಕುಂಟುತ್ತಾ ಹೋದಳು.

29 ಮಾರ್ಚ್
ಬರೆಯಲು ಮುಖವಿರಲಿಲ್ಲ.
ಹಳ್ಳದ ದಾರಿಯಲ್ಲಿ ಕಲ್ಲು ತಾಗಿ ದುರುಗಕ್ಕನ ಹುಳ ಒಳಗೇ ತುಂಡಾಗಿದೆ. ಮೈ ಕೆಂಡ. ಕಾಲು ಮೊಣಕಾಲಿನವರೆಗೆ ಬಾತಿದೆ. ಬ್ಯಾಂಡೇಜ್ ಕಟ್ಟಲು ಹೋದೆ. ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.
"ಅದು ಆಮೇಲೆ. ಮೊದ್ಲು ಕುಡಿಯಾಕೆ ನೀರು ಕೊಡ್ರಿ."
ಅವಳ ಕೊಡವನ್ನು ನನ್ನ ಕೋಣೆಗೆ ತಂದಿದ್ದೇನೆ. ಕಿಟಕಿಯಿಂದ ಬಾವಿ ಕಾಣುತ್ತದೆ. ಪಟೇಲರು ಜಗಲಿಯಲ್ಲೇ ಇದ್ದಾರೆ. ಎದ್ದು ಹೋಗುವುದು ಬಿಟ್ಟು ಇದನ್ನು ಬರೆಯುತ್ತಾ ಕೂತಿದ್ದೇನೆ, ಥೂ... ಯಾರಿಗೆ ಎಂದು ಕೇಳಿಯೇ ಕೇಳುತ್ತಾರೆ. ಕೇಳಿದರೆ —