ಅಪ್ಪ ಮುಟ್ಟದ ಬಟ್ಟಲು

ಅಪ್ಪ,

ನೀವು ಹೋಗಿ ಎಂಟು ತಿಂಗಳಾಯಿತು. ಆದರೂ ಬರೀತಿದ್ದೀನಿ. ಇವತ್ತು ಕೇಳಿದ್ದನ್ನು ನಂಬೋಕೇ ಆಗ್ತಿಲ್ಲ.

ಮಗುಗೆ ದೀಕ್ಷಾಸ್ನಾನ ಕೇಳೋಕೆ ಜಯನಗರದ ನಮ್ಮ ಚರ್ಚಿಗೆ ಹೋಗಿದ್ದೆ. ಇಲ್ಲ ಅಂದುಬಿಟ್ಟರೆ ಅಂತ ಮೂರು ದಿನದಿಂದ ನಿದ್ದೆಯಿರಲಿಲ್ಲ. ವೆಂಕಟಾಚಲರನ್ನು ರಿಜಿಸ್ಟರ್ ಮದುವೆಯಾದೆನೆಂದು ನನ್ನನ್ನು ಪ್ರಭುಭೋಜನದಿಂದ ಹೊರಗಿಟ್ಟಾಗ, ಸಭೆಯ ಹಿರಿಯರಾಗಿ ಆ ತೀರ್ಮಾನ ಓದಿದ್ದು ನೀವೇ. ನಿಮ್ಮ ದನಿ ಒಂಚೂರೂ ಅಲುಗಲಿಲ್ಲ. ಅದಕ್ಕೇ ನಾಲ್ಕು ವರ್ಷ ನಾನು ಬನಶಂಕರಿಯಿಂದ ಆ ಕಡೆ ತಲೆ ಹಾಕಲಿಲ್ಲ.

ಪಾದ್ರಿ ಅಯ್ಯನವರು ಮಗುವನ್ನು ಎತ್ತಿಕೊಂಡು, "ಭಾನುವಾರ ಕರಕೊಂಡು ಬಾಮ್ಮ" ಅಂದರು.

"ನನ್ನ ಮೇಲಿನ ಶಿಕ್ಷೆ?"

"ಬಂದೆಯಲ್ಲ, ಮುಗೀತು."

ಹೊರಗೆ ಕಸ ಗುಡಿಸ್ತಿದ್ದ ಮಾರ್ತಮ್ಮ ಕೈ ಹಿಡಿದುಕೊಂಡಳು. "ಈಗ ಬಂದ್ಯಾ ತಾಯಿ? ನಿಮ್ಮಪ್ಪ ಸಾಯೋತನಕ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ಮುಟ್ಟಲಿಲ್ಲ. ಎಲ್ಲರೂ ಮೊಣಕಾಲೂರೋಕೆ ಹೋದ್ರೆ ಅವರು ಕೊನೇ ಬೆಂಚಲ್ಲೇ ಕೂತಿರೋರು. ಯಾಕೆ ಸ್ವಾಮಿ ಅಂದ್ರೆ, 'ನಿಯಮ ನಿಯಮಾನೇ ಮಾರ್ತಮ್ಮ. ನನ್ ಮಗಳು ಬರ್ಲಿ, ಅವಳ ಪಕ್ಕದಲ್ಲೇ ತಗೋತೀನಿ' ಅನ್ನೋರು."

ಅಪ್ಪ, ನಿಮ್ಮ ಮನೆಗೂ ನಮ್ಮ ಮನೆಗೂ ನಾಲ್ಕೇ ಬಸ್ ಸ್ಟಾಪು. ಕೃಪೆ ಅಂದರೇನು ಅಂತ ಸಂಡೆ ಸ್ಕೂಲಿನಲ್ಲಿ ಕಲಿಸಿದವರು ನೀವು. ಒಂದು ಮಾತು ಹೇಳಿ ಕಳಿಸಬಾರದಿತ್ತೇ? ನಾನಾದರೂ ಒಂದು ದಿನ...

ಭಾನುವಾರ ದೀಕ್ಷಾಸ್ನಾನವಾದ ಮೇಲೆ ಪ್ರಭುಭೋಜನವೂ ಇದೆಯಂತೆ. ಆ ದ್ರಾಕ್ಷಾರಸದ ಬಟ್ಟಲು ನನ್ನ ಮುಂದೆ ಬಂದಾಗ ಏನು ಮಾಡಲಿ? ನೀವಿಲ್ಲದೆ ಕುಡಿಯಲೇ, ನಿಮ್ಮ ಹಾಗೆ ಕಾಯಲೇ? ಇದಕ್ಕೆ ಯಾವ ನಿಯಮವಿದೆ, ಅಪ್ಪ?

ಸುಗುಣ