ಒಡೆಯದ ಆರು ಪ್ಯಾಕೆಟ್

ಹೆಮ್ಮರಗಾಲ,
೨೦ ನವೆಂಬರ್ ೨೦೨೫, ಗುರುವಾರ

ಸಿಟ್ಟಿನಲ್ಲಿದ್ದರೂ ನನ್ನವಳೇ ಆದ ಶಿವರಂಜನಿಗೆ,

ನೀನು ನನ್ನ ನಂಬರ್ ಬ್ಲಾಕ್ ಮಾಡಿ ಎರಡು ವರ್ಷವಾಯಿತು. ಅದಕ್ಕೇ ಈ ಕಾಗದ. ಈಗ ತಿ. ನರಸೀಪುರದಲ್ಲಿ ಕೆಲಸಕ್ಕಿದ್ದೀಯ, ಸೋಸಲೆಯ ಅಜ್ಜಿಮನೆಯಿಂದ ಬಸ್ಸಿನಲ್ಲಿ ಓಡಾಡುತ್ತೀಯ ಎಂದು ಕೇಳಿದೆ. ಕೈಬರಹ ನೋಡಿದ ಕೂಡಲೇ ಹರಿದುಹಾಕಬೇಡ. ವಿಷಯ ನಿಮ್ಮ ಅಪ್ಪಾಜಿಯವರದು, ಅವರ ಬೀಜದ ಅಂಗಡಿಯದು.

ನಾವು ಮಾತು ಬಿಟ್ಟದ್ದು ನಂಜನಗೂಡು ಬಸ್ ನಿಲ್ದಾಣದಲ್ಲಿ. ನಾನು ಕರಪತ್ರ ಹಿಡಿದು, ಬೀಜ ರೈತರ ಹಕ್ಕು, ವರ್ಷಾ ವರ್ಷಾ ಕಂಪನಿ ಮುಂದೆ ಕೈಚಾಚುವುದು ಗುಲಾಮಗಿರಿ ಎಂದು ಭಾಷಣ ಬಿಗಿಯುತ್ತಿದ್ದೆ. ನೀನು ಕಡಲೆಕಾಯಿ ಸುಲಿಯುತ್ತಾ, 'ನಾಟಿ ಬೀಜಕ್ಕೆ ಆ ಮಾತು ಸರಿ ಕಣೇ, ಹೈಬ್ರಿಡ್‌ಗಲ್ಲ. ಹೈಬ್ರಿಡ್ ಭತ್ತ ಎತ್ತಿಟ್ಟು ಬಿತ್ತಿದರೆ ಮಕ್ಕಳು ಒಂದೊಂದೂ ಒಂದೊಂದು ಥರ ಹುಟ್ಟುತ್ತವೆ' ಅಂದೆ. ಅಂಗಡಿಯವರ ಮಗಳು ಇನ್ನೇನು ಹೇಳುತ್ತಾಳೆ ಎಂದು ನಾನು ಹತ್ತು ಜನರ ಮುಂದೆ ಅಂದುಬಿಟ್ಟೆ. ನೀನು ಕೃಷಿ ಕಾಲೇಜಿನಲ್ಲಿ ಓದುತ್ತಿದ್ದೆ. ನಾನು ಓದಿದ್ದೆಲ್ಲ ಆರು ಪುಟ, ಎಂಟು ಪುಟದ ಪುಸ್ತಿಕೆಗಳು. ಆದರೂ ನನಗೇ ಹೆಚ್ಚು ಗೊತ್ತು ಎಂದುಕೊಂಡಿದ್ದೆ.

ನಮ್ಮ ಕೇರಿಯ ಹನ್ನೊಂದು ಹೆಂಗಸರು ಸೇರಿ ಕಾಲುವೆ ಪಕ್ಕದ ಮೂರು ಎಕರೆ ಗುತ್ತಿಗೆಗೆ ಮಾಡುತ್ತಾರಲ್ಲ, ನಮ್ಮವ್ವ ಮಂಚಮ್ಮನೇ ಅದಕ್ಕೆ ಮುಂದಾಳು. ಆ ಭತ್ತವನ್ನು ಮಾರುವುದಿಲ್ಲ, ಹನ್ನೊಂದು ಮನೆಗೂ ಹಂಚಿಕೊಳ್ಳುತ್ತಾರೆ. ರೇಷನ್ ಅಕ್ಕಿ ತೀರಿದ ಮೇಲಿನ ದಿನಗಳಿಗೆ ಇರುವುದು ಅದೊಂದೇ. ಹೋದ ವರ್ಷ ನಿಮ್ಮ ಅಂಗಡಿಯ ಹೈಬ್ರಿಡ್ ಹಾಕಿ ಒಳ್ಳೇ ಬೆಳೆ ಬಂತು. ಈ ವರ್ಷವೂ ಅದೇ ಬೀಜ ತರೋಣ ಅಂದರು. ನಾನು ಎದ್ದು ನಿಂತು, ತರುವುದೇಕೆ, ಮನೆಯ ಭತ್ತವನ್ನೇ ಬಿತ್ತೋಣ ಎಂದೆ. ಮುದುಕಿ ಮಾದಮ್ಮ ಎಲೆಅಡಿಕೆ ಉಗಿದು, 'ಅಂಗಡಿ ಬೀಜ ಒಂದ್ ಬೆಳೆಗೆ ಕಣವ್ವ. ಇಷ್ಟ್ ಓದ್ಕಂಡಿದ್ದೀಯ, ಅಷ್ಟೂ ಗೊತ್ತಿಲ್ವಾ?' ಅಂದಳು. ಎಲ್ಲರೂ ನಕ್ಕರು. ಅವ್ವನೂ ನಕ್ಕಳು.

ಬೀಜ ನೆನೆಸಿ, ಮೊಳಕೆ ಕಟ್ಟಿ, ಸಸಿ ಎಬ್ಬಿಸುವ ಒಟ್ಲು ಹಾಕುವವಳು ನಾನೇ. ನಿಮ್ಮ ಅಪ್ಪಾಜಿಯವರ ಹತ್ತಿರ ಮೂರು ಕೇಜಿಯ ಆರು ಪ್ಯಾಕೆಟ್ ತಂದೆ. ತಂದವಳು ಒಡೆಯಲಿಲ್ಲ. ನನ್ನ ಟ್ರಂಕಿನಲ್ಲಿ ಪುಸ್ತಿಕೆಗಳ ಕೆಳಗಿಟ್ಟು ಬೀಗ ಹಾಕಿ, ಹೋದ ವರ್ಷದ ಭತ್ತದಲ್ಲೇ ಗಟ್ಟಿ ಕಾಳು ಆರಿಸಿ ನೆನೆಸಿದೆ. ಸುಗ್ಗಿಯ ದಿನ ಕಣದಲ್ಲಿ ಆರನ್ನೂ ಎತ್ತಿ ತೋರಿಸಬೇಕು, ಇವನ್ನು ಮುಟ್ಟೇ ಇಲ್ಲ, ಬೆಳೆದದ್ದು ನಿಮ್ಮದೇ ಬೀಜ ಎನ್ನಬೇಕು, ಮಾದಮ್ಮನ ಬಾಯಿ ಮುಚ್ಚಿಸಬೇಕು. ಇಷ್ಟೇ ನನ್ನ ಆಸೆ. ಇದನ್ನು ಯಾರಿಗೂ ಹೇಳಿಲ್ಲ. ನಿನಗೇ ಮೊದಲು.

ಈಗ ಗದ್ದೆ ನೋಡಬೇಕು ನೀನು. ಮೊಣಕಾಲುದ್ದದ ಪೈರಿನ ಪಕ್ಕದಲ್ಲಿ ಎದೆಯುದ್ದದ್ದು. ಒಂದು ತೆನೆ ಮಾಗಿ ಕಾಳು ಉದುರಿಸುತ್ತಿದ್ದರೆ ಇನ್ನೊಂದು ಈಗ ಹೂ ಬಿಡುತ್ತಿದೆ. ಕೊಯ್ದರೆ ಅರ್ಧ ಹಸಿ, ಕಾದರೆ ಅರ್ಧ ನೆಲದ ಪಾಲು. ಹಿಡಿದು ನೋಡಿದರೆ ಜೊಳ್ಳೇ ಹೆಚ್ಚು.

ಅಂಗಡಿಯವರು ಕಳಪೆ ಬೀಜ ಕೊಟ್ಟಿದ್ದಾರೆ ಎಂಬುದರಲ್ಲಿ ಹೆಂಗಸರಿಗೆ ಅನುಮಾನವೇ ಇಲ್ಲ. 'ಮೇಲಿನ ಕೇರಿಯೋರ್ಗೆ ಇಂಥದ್ ಕೊಟ್ಟವ್ರಾ? ನಾವು ಅಂದ್ರೆ ಏನ್ ಬೇಕಾದ್ರೂ ಕಟ್ ಕಳಿಸ್‌ಬೌದು ಅಂತವ' ಎಂದು ಅವ್ವ ಕೂಗಾಡಿದಳು. ಹಾಗೆ ಕೇಳಲು ಅವಳಿಗೆ ಕಲಿಸಿದವಳು ನಾನು. ಎಷ್ಟೋ ಕಡೆ ಅದು ಕೇಳಲೇಬೇಕಾದ ಪ್ರಶ್ನೆ. ಈ ಒಂದು ಸಲ ಅದು ಸುಳ್ಳು, ಮತ್ತು ಸುಳ್ಳು ಎಂದು ಗೊತ್ತಿರುವವಳು ನಾನೊಬ್ಬಳೇ.

ನಿಮ್ಮ ಅಪ್ಪಾಜಿ ಸುದ್ದಿ ಕೇಳಿ ತಾವೇ ಬಂದರು. ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟು ಗದ್ದೆಗಿಳಿದರು. 'ಬನ್ನಿ ಗಂಗಾಧರಸ್ವಾಮ್ಯೋರೆ, ಈ ಜೊಳ್ಳ ನಿಮ್ಮನೇಲೇ ಬೇಯಿಸ್ಕಳಿ' ಎಂದು ಮಾದಮ್ಮ ಚುಚ್ಚಿದಳು. ಅವರು ನಾಲ್ಕು ಕಡೆ ತೆನೆ ಕಿತ್ತು ಅಂಗೈಯಲ್ಲಿ ತಿಕ್ಕಿ ನೋಡಿ, ನನ್ನನ್ನು ಪಕ್ಕಕ್ಕೆ ಕರೆದು, 'ಪ್ಯಾಕೆಟ್ ಒಡೆದವಳು ನೀನೇ ತಾನೇನವ್ವ?' ಅಂದರು. ಹೂಂ ಅಂಕಲ್ ಅಂದೆ. 'ಆರನ್ನೂ?' ಅಂದರು. ಆರನ್ನೂ ಅಂದೆ. ಅವರಿಗೆ ತಿಳಿಯಿತು, ರಂಜನಿ. ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಚಪ್ಪಲಿ ಕೈಯಲ್ಲೇ ಹಿಡಿದುಕೊಂಡು ಹೋದರು.

ಇಲಾಖೆಗೆ ದೂರು ಬರೆದುಕೊಡು ಎಂದು ಹೆಂಗಸರು ನನ್ನ ಬೆನ್ನು ಬಿದ್ದಿದ್ದಾರೆ. ಬರೆದರೆ ಹನ್ನೊಂದು ಮನೆಗೆ ಪರಿಹಾರ ಬರಬಹುದು, ನಿಮ್ಮ ಅಂಗಡಿಯ ಲೈಸೆನ್ಸ್ ಹೋಗಬಹುದು. ನಿಜ ಹೇಳಿದರೆ ಅಂಗಡಿ ಉಳಿಯುತ್ತದೆ, ನಮ್ಮ ಮನೆಗಳಲ್ಲಿ ಅಕ್ಕಿ ಇರುವುದಿಲ್ಲ. ನಾಳೆ ನಮ್ಮವರು ನಿಜವಾದ ಅನ್ಯಾಯವನ್ನೇ ಹೇಳಿಕೊಂಡು ಹೋದರೂ, ಇದೂ ಆ ಬೀಜದ ಕಥೆಯಾ ಎಂದು ನಗುತ್ತಾರೆ. ಹಸಿವಿನ ಬಗ್ಗೆ ಎಷ್ಟೊಂದು ಓದಿದೆ. ಓದಿದವಳೇ ಹಸಿವು ತಂದರೆ ಏನು ಮಾಡಬೇಕು ಎಂದು ಅದ್ಯಾವುದರಲ್ಲೂ ಬರೆದಿರಲಿಲ್ಲ.

ಇವತ್ತು ಬೆಳಿಗ್ಗೆ ಮಾದಮ್ಮ ಮಡಿಲಲ್ಲಿ ತೆನೆ ತುಂಬಿಕೊಂಡು ಬಂದು ನಮ್ಮ ಜಗುಲಿಯಲ್ಲಿ ಕೂತು ಕಾಳು, ಜೊಳ್ಳು ಬೇರೆ ಮಾಡುತ್ತಿದ್ದಳು. 'ಓಗ್ಲಿ ಬುಡವ್ವ, ಗಂಜಿಗಾಯ್ತದೆ. ನೀ ಯಾಕ್ ಹಿಂಗ್ ಸೊರಗಿದ್ದೀಯ, ನಿನ್ ತಪ್ಪೇನದೆ?' ಅಂದಳು. ಬೈದಿದ್ದರೆ ಹೇಳಿಬಿಡುತ್ತಿದ್ದೆನೇನೋ. ಒಳಗೆ ಹೋಗಿ ಟ್ರಂಕಿನ ಮೇಲೆ ಕೂತೆ.

ಬೀಜ ರೈತರ ಕೈಯಲ್ಲೇ ಇರಬೇಕು ಎಂದು ಈಗಲೂ ನಂಬುತ್ತೇನೆ. ಯಾವ ಬೀಜ ಎಂದು ನಿನ್ನನ್ನು ಕೇಳಬೇಕಿತ್ತು. ಕೇಳಲಿಲ್ಲ.

ಇತಿ,
ಸಿ. ದಿವ್ಯ,
ಚಲುವಯ್ಯ ಮತ್ತು ಮಂಚಮ್ಮನವರ ಮಗಳು,
ಹೆಮ್ಮರಗಾಲ, ನಂಜನಗೂಡು ತಾಲ್ಲೂಕು

ತಾ.ಕ.: ಗೆಳತಿಗೆ ಬರೆಯುವ ಕಾಗದಕ್ಕೆ ಇಷ್ಟುದ್ದ ಸಹಿ ಯಾಕೆ ಎನ್ನುತ್ತೀಯ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ದೂರು ಹೋಗಿ ಹತ್ತು ದಿನವಾಯಿತು. ಬರೆದವಳು ನಾನು, ಮೊದಲ ಸಹಿ ನನ್ನದು. ಅವ್ವನ ಹೆಬ್ಬೆಟ್ಟು ಹಿಡಿದು ಶಾಯಿಗೆ ಒತ್ತಿಸಿದವಳೂ ನಾನೇ. ಬರುವ ಗುರುವಾರ ಹನ್ನೊಂದು ಗಂಟೆಗೆ ಅಧಿಕಾರಿಗಳು ಗದ್ದೆಗೆ ಬರುತ್ತಾರೆ. ಅವ್ವನ ಎದುರು ನನ್ನ ನಾಲಿಗೆ ಏಳುತ್ತದೆಂಬ ನಂಬಿಕೆ ನನಗಿಲ್ಲ. ನೀನು ಬಾ. ನಾನು ಸುಮ್ಮನೆ ನಿಂತಿದ್ದರೆ ಈ ಕಾಗದ ಅಧಿಕಾರಿಗಳ ಕೈಗೆ ಕೊಡು. ಸಹಿ, ಹೆಬ್ಬೆಟ್ಟು ಹಾಕಿದ ಆ ಹನ್ನೊಂದು ಜನಕ್ಕೆ ಏನೂ ಗೊತ್ತಿರಲಿಲ್ಲ ಎಂಬ ಈ ಸಾಲನ್ನು ಮಾತ್ರ, ದಯವಿಟ್ಟು, ಎಲ್ಲರಿಗೂ ಕೇಳುವ ಹಾಗೆ ಮೊದಲು ಓದು.